ಎರಡು ಕೆರೆಗಳ ನಡುವೆ ನಡೆದುಹೋದ ದೋಣಿ

ಆ ದೋಣಿ ಅತ್ತಿಗೆಗೆ ಸಿಕ್ಕಿದ್ದು ಬೇರೆ ಯಾರಿಗೂ ಅದು ಬೇಡವಾದದ್ದರಿಂದ. ಅತ್ತಿಗೆ ಅಬುಧಾಬಿಯ ಒಂದು ಶಾಲೆಯಲ್ಲಿ ಆಟದ ಟೀಚರು. ಅದೇ ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದ ಕೆನಡಾದ ಹೆಂಗಸೊಬ್ಬರು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಡುವಾಗ ಸೋಫಾ, ಫ್ರಿಜ್ಜು, ಮಂಚ ಎಲ್ಲವನ್ನೂ ಅವರಿವರಿಗೆ ದಾಟಿಸಿದರು. ಹಸಿರು ಬಣ್ಣದ, ಎರಡೂ ತುದಿ ಚೂಪಾದ, ಲಿಫ್ಟಿಗೂ ಹಿಡಿಸದ, ಬಾಲ್ಕನಿಗೂ ಹಿಡಿಸದ ಆ ಪ್ಲಾಸ್ಟಿಕ್ ದೋಣಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಸ್ಟೋರಿನಿಂದ ಪಾರ್ಕಿಂಗಿನವರೆಗೆ ಅದನ್ನು ಹೊರಲು ಕೈ ಕೊಟ್ಟವರು ನಮ್ಮ ಅತ್ತಿಗೆ ಒಬ್ಬರೇ. ಹೊತ್ತ ತಪ್ಪಿಗೆ ಅದು ಅವರದ್ದೇ ಆಯಿತು.

ಅಣ್ಣ ಅತ್ತಿಗೆ ಆಗ ಬನಿಯಾಸಿನಲ್ಲಿ ಒಂದು ವಿಲ್ಲಾದ ಕೆಳಗಿನ ಭಾಗದಲ್ಲಿದ್ದರು. ಅಣ್ಣ ಸಂಜೆ ಆಫೀಸಿನಿಂದ ಬಂದು ನೋಡಿದರೆ ಅಂಗಳದಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ದೋಣಿ. ಅವನು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮ್ ನೋಡುವವನು. ಲೋಕದಲ್ಲಿ ಯಾವ ವಸ್ತು ಹೇಗೆ ಒಡೆಯುತ್ತದೆ, ಯಾರು ಎಲ್ಲಿ ಜಾರಿ ಬೀಳುತ್ತಾರೆ ಎಂಬುದರಲ್ಲೇ ಅವನ ದಿನ ಕಳೆಯುತ್ತದೆ. ದೋಣಿಯನ್ನು ಕಂಡ ಕೂಡಲೇ ಅವನಿಗೆ ಅದರಲ್ಲಿ ಆಗಬಹುದಾದ ಅಪಘಾತಗಳೆಲ್ಲ ಸಾಲಾಗಿ ಕಾಣಿಸಿದವಂತೆ. ಅತ್ತಿಗೆ ಮಾತ್ರ ಮರುದಿನವೇ ಅದನ್ನು ಮಗುಚಿ ಹಾಕಿ ಬೆನ್ನ ಮೇಲೆ ಹಪ್ಪಳ ಒಣಗಿಸಿದರು. ಹಾಗೆ ಎರಡು ತಿಂಗಳು ಕಳೆಯಿತು.

ಕೆನಡಾದವರು ಹೊರಡುವ ಮೊದಲು ಅತ್ತಿಗೆಗೆ ದೋಣಿಯ ಜೊತೆ ಒಂದು ಶಬ್ದವನ್ನೂ ಕೊಟ್ಟು ಹೋಗಿದ್ದರು. ಪೋರ್ಟೇಜ್.

"ಕಾಣ್ ಮಾರಾಯ್ತಿ," ಎಂದು ಅತ್ತಿಗೆ ನನಗೆ ವಿವರಿಸಿದರು. "ಅವರ ಊರಲ್ಲಿ ಕಾಡಿನ ಮಧ್ಯ ಒಂದರ ಹಿಂದೆ ಒಂದ್ ಕೆರೆ. ಒಂದ್ ಕೆರೆ ಮುಗಿದ್ ಕೂಡ್ಲೆ ದೋಣಿ ತಲೆ ಮೇಲ್ ಹೊತ್ಕಂಡ್, ಬಂಡೆ ಹತ್ತಿ ಇಳ್ದ್, ಮುಂದಿನ್ ಕೆರೆಗೆ ಹೋತ್ರಂತೆ. ಹುಟ್ಟು ಹಾಕುದ್ ದೊಡ್ಡ್ ವಿಷಯ ಅಲ್ಲ. ಹೊರುದೇ ನಿಜವಾದ್ ಪ್ರಯಾಣ ಅಂದ್ರ್ ಅವ್ರ್."

ಅತ್ತಿಗೆ ಕುಂದಾಪುರದ ಆಚೆಯವರು. ನಾವು ಉಡುಪಿಯ ಕಡೆಯ ತುಳುವರು. ತುಳು ಅವರಿಗೆ ಪೂರ್ತಿ ಅರ್ಥವಾಗುತ್ತದೆ, ಆದರೆ ಆಡುವುದಿಲ್ಲ. ಹಾಗಾಗಿ ನಮ್ಮ ಮನೆಯ ಜಗಳಗಳೆಲ್ಲ ಕನ್ನಡದಲ್ಲಿ. ಆ ದಿನದಿಂದ ಆ ಮನೆಯಲ್ಲಿ ಎಲ್ಲವೂ ಪೋರ್ಟೇಜ್ ಆಯಿತು. ಗ್ಯಾಸ್ ಸಿಲಿಂಡರನ್ನು ಒಳಗೆ ತರುವುದು ಪೋರ್ಟೇಜ್. ಅಕ್ಕಿ ಮೂಟೆಯನ್ನು ಡಿಕ್ಕಿಯಿಂದ ಇಳಿಸುವುದು ಪೋರ್ಟೇಜ್. ಅಣ್ಣ ಟಿವಿ ನೋಡುತ್ತಾ ಸೋಫಾದಲ್ಲಿ ನಿದ್ದೆಹೋದರೆ ಅವನನ್ನು ಕೋಣೆಗೆ ಸಾಗಿಸುವುದೂ ಅದೇ.

ಅಬುಧಾಬಿಯಲ್ಲಿ ಕೆರೆ ಎಲ್ಲಿಂದ ತರುವುದು? ಅದನ್ನು ತೋರಿಸಿದ್ದು ನಾನೇ. ನಾವಿದ್ದದ್ದು ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನಲ್ಲಿ. ನಮ್ಮ ಬಾಲ್ಕನಿಯಿಂದ ನೋಡಿದರೆ ಸಮುದ್ರದ ಹಿನ್ನೀರು, ಅದರಾಚೆ ನೀಳವಾದ ಒಂದು ಹಾಳು ನೆಲ, ಅದರಾಚೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಇನ್ನೊಂದು ಹಿನ್ನೀರು ಕಾಣುತ್ತಿತ್ತು. ಒಂದು ಸಂಜೆ ಚಾ ಕುಡಿಯುತ್ತಾ ನಿಂತಿದ್ದ ಅತ್ತಿಗೆಗೆ ನಾನು ತಮಾಷೆಗೆ ಹೇಳಿದೆ: "ಅದಾ ನಿಮ್ಮ ಎರಡು ಕೆರೆ. ನಡುವೆ ನಿಮ್ಮ ಪೋರ್ಟೇಜ್."

ಅತ್ತಿಗೆ ಲೋಟ ಕೆಳಗಿಟ್ಟರು. ಫೋನಿನ ಮ್ಯಾಪಿನಲ್ಲಿ ನೋಡಿದರೆ ಆ ನೆಲ ಕಿರುಬೆರಳಿನಷ್ಟೇ ಅಗಲ. "ಇಷ್ಟೇ ಅಲ್ದಾ?" ಎಂದರು.

ಒಳಗಿನಿಂದ ನನ್ನ ಗಂಡ ನಕ್ಕರು. ಅಣ್ಣನೂ ಅಲ್ಲೇ ಇದ್ದ. ಅವರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು, ಎಲ್ಲದಕ್ಕೂ ಒಂದೇ ಪಾರ್ಟಿ. "ಅರ್ಧ ದಾರಿಯಲ್ಲಿ ಫೋನ್ ಬರ್ತದೆ ಭಾವ," ಎಂದರು ನಮ್ಮವರು. "ಬಂದು ಎತ್ತಿಕೊಂಡು ಹೋಗಿ ಅಂತ." "ಬರದಿದ್ರೆ ನಾನು ಹೆಸರು ಬದಲಾಯಿಸ್ತೇನೆ," ಎಂದ ಅಣ್ಣ.

ಅಷ್ಟು ಸಾಕಾಯಿತು. ನನಗೆ ದೋಣಿಯೂ ಗೊತ್ತಿಲ್ಲ, ಕಾಡೂ ಗೊತ್ತಿಲ್ಲ; ಆದರೆ ಆ ಇಬ್ಬರು ಭಾವಂದಿರ ನಗು ಚೆನ್ನಾಗಿ ಗೊತ್ತಿತ್ತು. "ನಾನೂ ಬರ್ತೇನೆ ಅತ್ತಿಗೆ," ಎಂದುಬಿಟ್ಟೆ.

ಫೆಬ್ರವರಿಯ ಒಂದು ಶುಕ್ರವಾರ, ರಜೆಯ ದಿನ, ಬೆಳಿಗ್ಗೆ ಹೊರಟೆವು. ದೋಣಿಯನ್ನು ಅಣ್ಣನ ಕಾರಿನ ಮೇಲೆ ಹಳೆಯ ಸೀರೆಗಳಿಂದ ಕಟ್ಟಿದ್ದಾಗಿತ್ತು. ಅಣ್ಣ ಮೊದಲೇ ಸಿಕ್ಕಸಿಕ್ಕವರಲ್ಲಿ ಇದಕ್ಕೆ ಪರ್ಮಿಶನ್ ಬೇಕಾ ಎಂದು ವಿಚಾರಿಸಿದ್ದ. ಎಲ್ಲರೂ "ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ" ಎಂದಿದ್ದರು. ತೊಂದರೆಯೇ ಇಲ್ಲ ಎಂದದ್ದರಿಂದಲೇ ಅವನಿಗೆ ಇನ್ನೂ ಹೆದರಿಕೆಯಾಗಿತ್ತು. ಅವನೂ ನಮ್ಮವರೂ ನಮ್ಮನ್ನು ಮೊದಲ ಕೆರೆಯ, ಅಂದರೆ ಆಚೆಯ ಹಿನ್ನೀರಿನ, ಅಂಚಿನಲ್ಲಿ ಇಳಿಸಿ, "ಆ ಕಡೆ ಮಣ್ಣಿನ ರಸ್ತೆ ಮುಗಿಯುವಲ್ಲಿ ಕಾರಲ್ಲಿ ಕೂತಿರ್ತೇವೆ. ಲೈಫ್ ಜಾಕೆಟ್ ಬಿಚ್ಚಬೇಡಿ, ಫೋನ್ ಆನ್ ಇಡಿ," ಎಂದು ಹೇಳಿ ಹೋದರು. ಫೋನನ್ನು ಅತ್ತಿಗೆ ಸೈಲೆಂಟಿಗೆ ಹಾಕಿ ಪ್ಲಾಸ್ಟಿಕ್ ಚೀಲದೊಳಗೆ ಗಂಟು ಕಟ್ಟಿದರು.

ನೀರಿನ ಮೇಲಿನ ಭಾಗದ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಮೊದಮೊದಲು ದೋಣಿ ಸುತ್ತು ಹಾಕಿತು. ಅತ್ತಿಗೆ ಹಿಂದೆ ಕೂತು "ಎಡಕ್ಕೆ, ಎಡಕ್ಕೆ" ಎಂದು ಕೂಗಿದಾಗ ನಾನು ಹುಟ್ಟನ್ನು ಎಡಕ್ಕೆ ಹಾಕುತ್ತಿದ್ದೆ, ದೋಣಿ ಬಲಕ್ಕೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅದೂ ನಾವೂ ಒಂದು ಒಪ್ಪಂದಕ್ಕೆ ಬಂದೆವು. ಕಾಂಡ್ಲಾ ಗಿಡಗಳ ನಡುವೆ ನೀರು ಕನ್ನಡಿಯಂತಿತ್ತು. ಒಂದು ಕೊಕ್ಕರೆ ಒಂಟಿಕಾಲಲ್ಲಿ ನಿಂತು ನಮ್ಮನ್ನು ನೋಡಿ, ಹಾರುವಷ್ಟು ಅಪಾಯದವರಲ್ಲ ಎಂದು ತೀರ್ಮಾನಿಸಿ ಅಲ್ಲೇ ನಿಂತಿತು.

ಆಮೇಲೆ ನೆಲ ಬಂತು. ಮ್ಯಾಪಿನ ಕಿರುಬೆರಳು.

ಮೊದಲು ಕೆಸರು. ಕಾಂಡ್ಲಾದ ಉಸಿರುಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಕೆಸರಿನ ತುಂಬ ಚುಚ್ಚಿಕೊಂಡು ನಿಂತಿದ್ದವು. ಇಳಿದ ಮೊದಲ ಹೆಜ್ಜೆಗೇ ನನ್ನ ಬಲಗಾಲು ಮೊಣಕಾಲಿನವರೆಗೆ ಹೋಯಿತು. ಎಳೆದಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ಕೈ ಹಾಕಿ ಹುಡುಕಿದೆ. ಸಿಕ್ಕಿದ್ದು ಒಂದು ಏಡಿ. ಅದು ನನ್ನನ್ನು ಕಂಡು ಹೆದರಿತೋ, ನಾನೇ ಹೆದರಿದೆನೋ, ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹಾರಿದೆವು.

"ಚಪ್ಪಲಿ ಅದಕ್ಕೇ ಇರ್ಲಿ," ಎಂದರು ಅತ್ತಿಗೆ. "ಬಾ, ಎತ್ತ್."

ಕೆಸರು ದಾಟಿದ ಮೇಲೆ ಅತ್ತಿಗೆ ಚೀಲದಿಂದ ಎರಡು ಸಿಂಬಿ ತೆಗೆದರು. ಅಣ್ಣನ ಹಳೆಯ ಲುಂಗಿಯನ್ನು ಸೀಳಿ ಸುತ್ತಿದ ಸಿಂಬಿಗಳು. "ಕೆನಡಾದವ್ರಿಗೆ ಇದ್ ಗೊತ್ತಿಲ್ಲ, ಪಾಪ," ಎಂದು ಒಂದನ್ನು ನನ್ನ ತಲೆಯ ಮೇಲಿಟ್ಟರು. ಒಂದು, ಎರಡು, ಮೂರು ಎಂದು ದೋಣಿಯನ್ನು ಎತ್ತಿ ಮಗುಚಿ ತಲೆಯ ಮೇಲೆ ತಂದುಕೊಂಡೆವು. ಅತ್ತಿಗೆ ಮುಂದೆ, ನಾನು ಹಿಂದೆ.

ದೋಣಿಯ ಕೆಳಗಿನ ಲೋಕ ಬೇರೆಯೇ. ಎಲ್ಲ ಹಸಿರು ಬೆಳಕು. ನನಗೆ ಕಾಣುತ್ತಿದ್ದದ್ದು ಅತ್ತಿಗೆಯ ಹಿಮ್ಮಡಿ ಮತ್ತು ಒಂದು ಗೇಣು ನೆಲ. ಉಪ್ಪು ಕಟ್ಟಿದ ನೆಲ ಹೆಜ್ಜೆಗೊಮ್ಮೆ ಹಪ್ಪಳದಂತೆ ಮುರಿಯುತ್ತಿತ್ತು. ಅದು ಮುಗಿದರೆ ಮುಳ್ಳಿನ ಗಿಡ, ಅದು ಮುಗಿದರೆ ಸಮುದ್ರದ ತಳದಿಂದ ಯಾವಾಗಲೋ ಎತ್ತಿ ಹಾಕಿದ ಹವಳದ ಕಲ್ಲು, ಮುರಿದ ಕಾಂಕ್ರೀಟು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇದ್ದದ್ದರಿಂದ ನಾನು ಒಂದು ಹೆಜ್ಜೆ ಎತ್ತರ, ಒಂದು ಹೆಜ್ಜೆ ಗಿಡ್ಡ. ನನ್ನ ಪ್ರತಿಯೊಂದು ಗಿಡ್ಡ ಹೆಜ್ಜೆಗೂ ದೋಣಿಯ ಮೂತಿ ಮುಂದೆ ಆಕಾಶ ನೋಡುತ್ತಿತ್ತು.

"ಸಮಾ ನಡಿ ಮಾರಾಯ್ತಿ!"

"ನೀವು ನಿಧಾನ ಹೋಗಿ. ಇದು ನಿಮ್ಮ ಸ್ಪೋರ್ಟ್ಸ್ ಡೇ ಅಲ್ಲ."

"ಹಿಂದಿನವ್ರ್ ಮಾತಾಡುಕಾಗ."

"ಯಾರು ಮಾಡಿದ ರೂಲ್ಸು?"

"ಕೆನಡಾದ್ದ್!"

ನಮ್ಮ ಮಾತು ದೋಣಿಯೊಳಗೆ ಗುಡಾಣದಲ್ಲಿ ಕೂಗಿದ ಹಾಗೆ ಗುಂಯ್‌ಗುಡುತ್ತಿತ್ತು. ಅದರ ನಡುವೆ ಹೊರಗಿನಿಂದ ಒಂದು ಗಂಡಸಿನ ಸ್ವರ ಬಂತು. ಬಹಳ ಮರ್ಯಾದೆಯ ಸ್ವರ.

"ಸುಭಾನಲ್ಲಾ. ದೋಣಿ ಕನ್ನಡ ಮಾತಾಡ್ತದಲ್ಲ!"

ನಾವು ನಿಂತೆವು. ದೋಣಿಯನ್ನು ಓರೆ ಮಾಡಿ ಇಣುಕಿದರೆ, ಹಿನ್ನೀರಿನಿಂದ ಒಳಗೆ ನುಗ್ಗಿ ಬಂದ ಸಣ್ಣ ತೋಡಿನ ದಡದಲ್ಲಿ, ಮಡಚುವ ಕುರ್ಚಿಯ ಮೇಲೆ, ಬಿಳಿ ಗಡ್ಡದ ಹಿರಿಯರೊಬ್ಬರು ಗಾಳ ಹಾಕಿ ಕೂತಿದ್ದರು. ಪಕ್ಕದಲ್ಲಿ ಚಹಾದ ಫ್ಲಾಸ್ಕು. ಭಟ್ಕಳದವರು. ಇಲ್ಲೇ ಅಬುಧಾಬಿಯಲ್ಲಿ ಬಟ್ಟೆ ಅಂಗಡಿ, ಈಗ ಮಕ್ಕಳು ನೋಡಿಕೊಳ್ಳುತ್ತಾರೆ. ಶುಕ್ರವಾರ ನಮಾಜಿನ ಹೊತ್ತಿನವರೆಗೆ ಮನೆಯವರಿಂದ ತಪ್ಪಿಸಿಕೊಳ್ಳಲು ಇದೇ ಜಾಗ ಎಂದರು.

"ಮೀನು ಸಿಕ್ತದಾ?" ಎಂದು ಅತ್ತಿಗೆ ದೋಣಿಯ ಕೆಳಗಿನಿಂದಲೇ ಕೇಳಿದರು.

"ಮಾಫಿ. ಒಂದೂ ಇಲ್ಲ. ಮೀನಿಗೆ ಯಾರು ಬರ್ತಾರೆ ಅಮ್ಮ?"

ನಾವು ಸುಸ್ತಾಗಿದ್ದೆವು. ದೋಣಿಯನ್ನು ಹಾಗೆಯೇ ಮಗುಚಿದ್ದಂತೆ ಎರಡು ಕಾಂಕ್ರೀಟು ತುಂಡುಗಳ ಮೇಲೆ ಇಟ್ಟೆವು. ಕೆಳಗೆ ಮರಳು ತಗ್ಗಾಗಿತ್ತು, ಒಳ್ಳೆಯ ನೆರಳಿತ್ತು. ಹಿರಿಯರು ಕೊಟ್ಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಲ್ಲುಗಳ ಆಚೆಯಿಂದ ಅಣ್ಣನ ಸ್ವರ ಕೇಳಿಸಿತು. "ಫೋನ್ ತೆಗೀತಿಲ್ಲ ಭಾವ! ರಿಂಗ್ ಆಗ್ತದೆ, ತೆಗೀತಿಲ್ಲ!" ಕಾದು ಕಾದು ಇಬ್ಬರೂ ನಮ್ಮನ್ನು ಹುಡುಕಿಕೊಂಡು ಹೊರಟಿದ್ದರು.

ಅತ್ತಿಗೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನಲ್ವತ್ತು ದಾಟಿದ ಇಬ್ಬರು ಹೆಂಗಸರು ಹೀಗೆ ಮಾಡಬಾರದೆಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. "ಒಳಗ್ ನುಗ್ಗ್," ಎಂದರು ಅತ್ತಿಗೆ. ಹಿರಿಯರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅವರು ಗಂಭೀರವಾಗಿ ತಲೆಯಾಡಿಸಿ ಗಾಳದ ಕಡೆ ನೋಡತೊಡಗಿದರು. ನಾವು ದೋಣಿಯ ಕೆಳಗೆ ತೆವಳಿ ಹೋಗಿ, ಸೀಟಿನ ಅಡ್ಡಪಟ್ಟಿಗಳ ಕೆಳಗೆ ಡಬ್ಬಿಗೆ ತುಂಬಿದ ಮೀನಿನ ಹಾಗೆ ಮಲಗಿದೆವು.

"ಇಲ್ಲಿ ದೋಣಿ ಉಂಟು, ಜನ ಇಲ್ಲ!" ನಮ್ಮವರ ಸ್ವರ.

ಅಣ್ಣ ಓಡಿ ಬಂದ ಸದ್ದು. "ಸರ್, ಇಲ್ಲಿ ಇಬ್ಬರು ಹೆಂಗಸರನ್ನು ನೋಡಿದ್ರಾ? ಲೇಡೀಸ್?"

"ಹೆಂಗಸರಾ?" ಹಿರಿಯರು ಸಾವಕಾಶ ಹೇಳಿದರು. "ಹೆಂಗಸರು ನಡೆದು ಬಂದದ್ದು ನೋಡಿಲ್ಲಪ್ಪ. ಒಂದು ದೋಣಿ ನಡ್ಕೊಂಡು ಬಂತು. ಇಲ್ಲಿ ಕೂತಿತು."

"ನಡ್ಕೊಂಡಾ?"

"ನಡ್ಕೊಂಡೇ. ನಾಲ್ಕು ಕಾಲು. ಒಂದಕ್ಕೆ ಚಪ್ಪಲಿ ಇರಲಿಲ್ಲ."

ಆಗ ನಮ್ಮವರು ಸ್ವರ ತಗ್ಗಿಸಿ, "ವಯಸ್ಸಾಗಿದೆ, ಪಾಪ. ಬಿಸಿಲು," ಎಂದರು. "ಎಲ್ಲಿಯೋ ಗಿಡದ ಮರೆಗೆ ಹೋಗಿರಬೇಕು ಭಾವ. ಬರ್ತಾರೆ. ಕೂತುಕೊಳ್ಳುವ."

ಕೂತದ್ದು ಎಲ್ಲಿ? ದೋಣಿಯ ಮೇಲೆ. ಇಬ್ಬರೂ. ಪ್ಲಾಸ್ಟಿಕ್ಕು ಕಿರ್ರೆಂದು ಬಗ್ಗಿ ನನ್ನ ಮೂಗಿನ ಹತ್ತಿರ ಬಂತು. ಅತ್ತಿಗೆ ನನ್ನ ಕೈ ಹಿಡಿದುಕೊಂಡರು. ಬಾಯಿಯೊಳಗೆ ದುಪಟ್ಟಾ ತುರುಕಿಕೊಂಡು ನಾನು ನಗು ತಡೆದೆ.

"ಇರ್ಲಿ ಭಾವ," ಎಂದ ಅಣ್ಣ ಮೇಲಿನಿಂದ. "ಇವತ್ತು ಒಂದು ದಿನ ತಾನೆ. ನಾಳೆ ಅವನು ಬಂದು ಇದನ್ನು ಕೊಂಡುಹೋಗ್ತಾನೆ."

"ಅತ್ತಿಗೆಗೆ ಗೊತ್ತುಂಟಾ?"

"ಎಲ್ಲಿ ಗೊತ್ತು! ಆನ್‌ಲೈನಲ್ಲಿ ಮಾರಲಿಕ್ಕುಂಟು ಅಂತ ಫೋಟೋ ಹಾಕಿದ್ದೆ. ಒಬ್ಬ ಆಫ್ರಿಕದವನು, ಸೌತ್ ಆಫ್ರಿಕ, ಶನಿವಾರ ಬರ್ತೇನೆ ಅಂದ. ಇವತ್ತು ಹೊತ್ತು ಸುಸ್ತಾಗಿ ಬಂದ್ರೆ, ಅವಳೇ ಸಾಕು, ಖಲಾಸ್, ಕೊಟ್ಟುಬಿಡಿ ಅಂತಾಳೆ."

"ನಾನೂ ಒಂದು ಮಾತು ಸೇರಿಸ್ತೇನೆ. ಬೆನ್ನು ನೋವಿಗೆ ಒಳ್ಳೇದಲ್ಲ ಅಂತ."

ನನ್ನ ನಗು ಅಲ್ಲಿಗೆ ನಿಂತುಹೋಯಿತು. ಪಕ್ಕಕ್ಕೆ ನೋಡಿದೆ. ಅತ್ತಿಗೆ ಈಗ ಕೂಗಬಹುದು, ಈಗ ಒದೆಯಬಹುದು ಎಂದು ಕಾದೆ. ಅವರು ಕಣ್ಣು ಮುಚ್ಚಿ, ಸಂಗೀತ ಕಚೇರಿಯಲ್ಲಿ ಕೂತವರ ಹಾಗೆ ಕೇಳುತ್ತಿದ್ದರು.

"ಆದ್ರೂ ಹೇಳಬೇಕು," ಎಂದ ಅಣ್ಣ. "ಇಷ್ಟು ದೂರ, ಆ ಕೆಸರು ದಾಟಿ ಹೊತ್ತು ತಂದಿದ್ದಾಳಲ್ಲ. ನನ್ನಿಂದ ಆಗುದಿಲ್ಲ ಭಾವ. ಅವಳ ಧೈರ್ಯ ಬೇರೆಯೇ."

ಅತ್ತಿಗೆಯ ಕಣ್ಣು ತೆರೆಯಿತು.

"ನಿಮ್ಮ ತಂಗಿಯೂ ಹೊತ್ತಿದ್ದಾಳಲ್ಲ," ಎಂದರು ನಮ್ಮವರು. ನನಗೆ ಅವರ ಮೇಲೆ ಒಂದು ಕ್ಷಣ ಪ್ರೀತಿ ಉಕ್ಕಿತು.

"ಅವಳಾ?" ಅಣ್ಣ ನಕ್ಕ. "ಅವಳು ಕೈ ಮುಟ್ಟಿಸಿಕೊಂಡು ನಡೆದಿರ್ತಾಳೆ, ಅಷ್ಟೇ. ಸಣ್ಣದಿರುವಾಗ ಕೊಡಪಾನ ಹೊತ್ತರೆ ಅರ್ಧ ನೀರು ದಾರಿಗೆ, ಅರ್ಧ ಅವಳ ಲಂಗಕ್ಕೆ."

ಅಲ್ಲಿಯವರೆಗೆ ನಾನು ಎಲ್ಲವನ್ನೂ ತಡೆದುಕೊಂಡಿದ್ದೆ. ಕೊಡಪಾನದ ಮಾತು ತಡೆಯಲಾಗಲಿಲ್ಲ. ಎರಡೂ ಕಾಲೆತ್ತಿ ದೋಣಿಯ ತಳಕ್ಕೆ, ಸರಿಯಾಗಿ ಅಣ್ಣ ಕೂತ ಜಾಗಕ್ಕೆ, ಧಡ್ ಎಂದು ಒದ್ದೆ.

ಆ ಸದ್ದು ಅಡಗುವ ಮೊದಲೇ ಅತ್ತಿಗೆಯ ಸ್ವರ ಹೊರಟಿತು. ಇಡೀ ಮೈದಾನಕ್ಕೆ ಕೇಳಿಸುವ, ಸೀಟಿ ಬೇಡದ ಸ್ವರ.

"ಹ್ವಾಯ್! ನಾಳೆ ಎಷ್ಟ್ ಗಂಟೆಗ್ ಬತ್ತ ಅಂವ?"

ಮೇಲಿನ ಭಾರ ಒಮ್ಮೆಲೇ ಮಾಯವಾಯಿತು. ನಮ್ಮವರು ಒಂದು ಕಡೆ ಹಾರಿದರು. ಅಣ್ಣ ಇನ್ನೊಂದು ಕಡೆ ಹಾರಿ ತೋಡಿಗೆ ಇಳಿದ; ನಾವು ತೆವಳಿ ಹೊರಗೆ ಬಂದು ನೋಡುವಾಗ ಮೊಣಕಾಲುದ್ದ ನೀರಿನಲ್ಲಿ ನಿಂತು ದೋಣಿಯನ್ನೇ ದಿಟ್ಟಿಸುತ್ತಿದ್ದ. ಭಟ್ಕಳದ ಹಿರಿಯರು ಗಾಳವನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಅಲ್ಲ, ಅದು," ಎಂದ ಅಣ್ಣ. "ಅಲ್ಲ, ನಾನು ಹೇಳಿದ್ದು..."

"ಕೇಂಡಿದೆ," ಎಂದರು ಅತ್ತಿಗೆ. "ನನ್ನ್ ಧೈರ್ಯ ಬೇರೆ ಅಂದದ್ದೂ ಕೇಂಡಿದೆ. ಅದ್ಕಾಯಿ ಇವತ್ತ್ ಬಯ್ಯುದಿಲ್ಲ." ಆಮೇಲೆ ನಿಧಾನವಾಗಿ ಬಗ್ಗಿ ಮರಳಿನಿಂದ ಸಿಂಬಿಗಳನ್ನು ಎತ್ತಿಕೊಂಡು, ಒಂದನ್ನು ಅಣ್ಣನ ತಲೆಯ ಮೇಲಿಟ್ಟರು, ಒಂದನ್ನು ನಮ್ಮವರ ಕೈಗೆ ಕೊಟ್ಟರು.

ಅಣ್ಣ ಸಿಂಬಿಯನ್ನು ತೆಗೆದು ನೋಡಿದ. "ಇದು ನನ್ನ ಲುಂಗಿ."

"ಹೌದ್. ಗುರ್ತ ಸಿಕ್ಕಿತಲ್ಲ. ಹೊರಿ ಈಗ."

ಉಳಿದದ್ದು ದಾರಿಯ ಕೆಟ್ಟ ಭಾಗ. ಆ ಕಡೆಯ ಅಂಚಿಗೆ ಆಳೆತ್ತರದ ಬಂಡೆಗಳನ್ನು ಒಂದರ ಮೇಲೊಂದು ಸುರಿದಿದ್ದರು. ಇಬ್ಬರು ಭಾವಂದಿರು ದೋಣಿಯನ್ನು ಹೊತ್ತು ಎದ್ದು ನಿಂತಾಗ ಹಿರಿಯರು ಕೂಗಿ ಹೇಳಿದರು: "ಯಲ್ಲಾ, ನಡೀರಿ! ಈಗ ದೋಣಿ ಮಾತಾಡೋದಿಲ್ಲಮ್ಮ, ನರಳ್ತದೆ!" ನಿಜವೇ. ಒಳಗಿನಿಂದ "ಅಯ್ಯೋ ದೇವರೇ", "ಭಾವ, ಎಡಕ್ಕೆ", "ಯಾರ ಎಡ?" ಎಂಬ ಸದ್ದುಗಳು ಬರುತ್ತಿದ್ದವು. ಅತ್ತಿಗೆ ಮುಂದೆ ಹೋಗುತ್ತಾ ಕಲ್ಲು ತೋರಿಸುತ್ತಿದ್ದರು. ನಾನು ಹಿಂದಿನಿಂದ, ಒಂದು ಚಪ್ಪಲಿಯಲ್ಲಿ, ಕೈ ಬೀಸಿಕೊಂಡು ನಡೆದೆ. ಒಂದು ಬಂಡೆಯ ಮೇಲೆ ನಮ್ಮವರ ಕಾಲು ಜಾರಿತು. ಆಗ ನಾನೂ ಅತ್ತಿಗೆಯೂ ಓಡಿ ಹೋಗಿ ಎರಡು ಬದಿಗೆ ಭುಜ ಕೊಟ್ಟೆವು. ಕೊನೆಯ ಇಳಿಜಾರನ್ನು ನಾಲ್ವರೂ ಕೂಡಿ ಇಳಿಸಿದೆವು. ಬಯ್ಯುವುದು ಕೂಡ ಅಲ್ಲಿ ನಾಲ್ವರಿಗೂ ಒಂದೇ ಉಸಿರಿನ ಕೆಲಸವಾಗಿತ್ತು.

ಎರಡನೆಯ ಕೆರೆಗೆ ದೋಣಿ ಇಳಿದಾಗ ಅಣ್ಣ ಬಂಡೆಯ ಮೇಲೆ ಕೂತು ಹಿಂದೆ ತಿರುಗಿ ಬಂದ ದಾರಿಯನ್ನು ನೋಡಿದ. ಬಹಳ ಹೊತ್ತು ನೋಡಿದ. ಮುಖ ಕೆಂಪಾಗಿತ್ತು, ಶರ್ಟಿನ ತೋಳು ಹರಿದಿತ್ತು. "ನಾವು ಹೊತ್ತೆವಲ್ಲ ಭಾವ," ಎಂದ, ನಂಬಿಕೆ ಬಾರದವನ ಹಾಗೆ. ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. ಅದನ್ನು ಅತ್ತಿಗೆಗೆ ಹೇಳಿದೆ. "ಮದುವೆ ದಿನ ಊಟ ತಡ ಆಯ್ತಲ್ಲ," ಎಂದರು ಅವರು.

ನಾವಿಬ್ಬರು ಹುಟ್ಟು ಹಾಕಿ ರೀಮಿನ ದಡ ಮುಟ್ಟಿದೆವು. ಅವರಿಬ್ಬರು ಕಾರಿನಲ್ಲಿ ಸೇತುವೆ ಸುತ್ತಿ ಬಂದರು. ನಮ್ಮ ಫ್ಲ್ಯಾಟಿನಲ್ಲಿ ನೀರುದೋಸೆ, ಕೋಳಿ ಸುಕ್ಕ ಊಟವಾಯಿತು. ಅಣ್ಣ ಕೈ ಎತ್ತಿ ಬಾಯಿಗೆ ತುತ್ತು ಇಡಲಾಗದೆ, ತುತ್ತಿನ ಹತ್ತಿರಕ್ಕೆ ಬಾಯಿಯನ್ನೇ ತರುತ್ತಿದ್ದ.

ಶನಿವಾರ ಆ ದಕ್ಷಿಣ ಆಫ್ರಿಕದವನು ಬನಿಯಾಸಿಗೆ ಬಂದ. ಬಾಗಿಲಿನಷ್ಟು ಎತ್ತರದ ಮನುಷ್ಯ. ಅತ್ತಿಗೆ ಅಡುಗೆಮನೆಯ ಕಿಟಕಿಯ ಹಿಂದೆ ನಿಂತು, ನನಗೆ ಫೋನಿನಲ್ಲಿ ಎಲ್ಲವನ್ನೂ ಪಿಸುಮಾತಿನಲ್ಲಿ ಬಿತ್ತರಿಸಿದರು. ಅವರು ಒಂದು ಮಾತೂ ಆಡಬಾರದೆಂದು ತೀರ್ಮಾನಿಸಿದ್ದರಂತೆ; ಮಾರುವವನು ಅಣ್ಣ, ಏನು ಮಾಡುತ್ತಾನೋ ನೋಡೋಣ ಎಂದು. ಅಣ್ಣ ದೋಣಿಯ ಮುಂದೆ, ಬೇಲಿ ಕಾಯುವವನ ಹಾಗೆ ನಿಂತಿದ್ದ. ಭುಜಕ್ಕೆ ಹಚ್ಚಿದ ಮುಲಾಮಿನ ವಾಸನೆ ಕಿಟಕಿಯವರೆಗೆ ಬರುತ್ತಿತ್ತಂತೆ. ಬಂದವನು ದೋಣಿಯನ್ನು ತಟ್ಟಿ ನೋಡಿ, ಚೆನ್ನಾಗಿದೆ ಎಂದ. ಅಣ್ಣ ಇಂಗ್ಲಿಷಿನಲ್ಲಿ, ಸ್ವಲ್ಪ ಸೋರುತ್ತದೆ ಎಂದ. ಎಲ್ಲಿ ಎಂದು ಅವನು ಬಗ್ಗಿ ಹುಡುಕಿದ. ಜೀವಮಾನವಿಡೀ ಬೇರೆಯವರ ಸುಳ್ಳು ಕ್ಲೇಮುಗಳನ್ನು ಹಿಡಿದ ನನ್ನ ಅಣ್ಣನಿಗೆ ಸ್ವಂತದ್ದೊಂದು ಸುಳ್ಳು ಸರಿಯಾಗಿ ಕಟ್ಟಲು ಬರಲಿಲ್ಲ.

"ಹೀಗೆ ನೋಡಿದರೆ ಕಾಣುವುದಿಲ್ಲ," ಎಂದನಂತೆ. "ನೀರಿಗೆ ಇಳಿಸಿದಾಗ ಮಾತ್ರ."

ಅವನು ಅಣ್ಣನ ಮುಖ ನೋಡಿದ, ದೋಣಿ ನೋಡಿದ, ಕಿಟಕಿಯ ಹಿಂದೆ ಯಾರೋ ನಗುತ್ತಿರುವುದನ್ನೂ ಕೇಳಿರಬೇಕು. ಕೈಕುಲುಕಿ ಹೊರಟುಹೋದ.

ಮುಂದಿನ ಶುಕ್ರವಾರ ನಮ್ಮನ್ನು ಎಬ್ಬಿಸಿದ್ದು ಅಣ್ಣನ ಫೋನು. ಬಂಡೆಗಳ ಎಡಗಡೆ ಒಂದು ಸುಲಭದ ದಾರಿ ಇರುವುದನ್ನು ತಾನು ನೋಡಿಟ್ಟಿದ್ದೇನೆ, ನೀವು ಹೆಂಗಸರು ಬೇಕಾದರೆ ಕಾರಿನಲ್ಲಿ ಕೂತಿರಿ ಎಂದ. ಯಾರೂ ಕೂರಲಿಲ್ಲ. ನಾಲ್ವರೂ ಹೋದೆವು. ದಾರಿ, ಸಿಂಬಿ, ನೀರಿನ ಬಾಟಲಿ, ನನಗೆ ಕಟ್ಟುವ ಬೂಟು, ಎಲ್ಲವನ್ನೂ ಯೋಚಿಸಿದ್ದೆವು. ಸಮುದ್ರದ ಇಳಿತವನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಹೋಗಿ ನೋಡಿದರೆ ಮೊದಲ ಕೆರೆಯಲ್ಲಿ ನೀರೇ ಇಲ್ಲ. ಹೊಳೆಯುವ ಕೆಸರು, ಅದರ ತುಂಬ ಏಡಿಗಳು, ದೂರದಲ್ಲಿ ಒಂದು ಕೊಕ್ಕರೆ.

ನಾವು ಹೆಂಗಸರು ಕಾರಿನ ಕಡೆ ತಿರುಗುವಷ್ಟರಲ್ಲಿ ಅಣ್ಣ ಸಿಂಬಿಯನ್ನು ತಲೆಗೆ ಇಟ್ಟುಕೊಂಡಿದ್ದ.

"ಭಾವ, ಹಿಂದೆ ಹಿಡಿಯಿರಿ," ಎಂದ. "ಇದೂ ಪೋರ್ಟೇಜೇ."